ಬಸ್ಯಾ, ನಮ್ಮ ಅಂಗಡಿಗೂ ಒಂದು ಬಜೆಟ್ ಬಂತು

ಲೇ ಬಸ್ಯಾ,

ಪುಣೆಗೆ ಹೋದ ಮೇಲೆ ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಎಲ್ಲರ ಮುಂದೆ ಈ ಪತ್ರ. ಹಸಿರು ಸ್ಕೂಟರ್ ವಿಷಯ ಇಲ್ಲಿ ತೆಗೆಯುವುದಿಲ್ಲ, ಹೆದರಬೇಡ.

ಅಮೀನಗಡದ ನಮ್ಮ ಕರದಂಟಿನ ಅಂಗಡಿಗೆ ಈ ಸಲ ಬಜೆಟ್ ಮಾಡಿದೆ. "ಬಜೆಟ್ ಮಾಡಾಕ ನೀ ಏನ್ ಮಂತ್ರಿ ಏನು?" ಅಂತ ಅಪ್ಪ ನಕ್ಕರು. ಅವರ ಪ್ರಕಾರ ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ರೊಕ್ಕ ಇದ್ದರೆ ಲಾಭ. ಅದರಲ್ಲಿ ಅರ್ಧ ಗೋಡಂಬಿ ವ್ಯಾಪಾರಿಯದು ಅಂತ ಪೆಟ್ಟಿಗೆಗೆ ಗೊತ್ತಿರುತ್ತಾ?

ವರ್ಷದ ಖರ್ಚನ್ನು ಹನ್ನೆರಡು ಪಾಲು ಮಾಡಿದರೆ ನಮ್ಮ ಧಂದೆಗೆ ಹೊಂದುವುದಿಲ್ಲ. ಪಂಚಮಿಗೆ ಮಾರುವ ಮಾಲಿಗೆ ಮುಂಚೆಯೇ ರೊಕ್ಕ ಸುರಿಯಬೇಕು. ಮಹಾಲಿಂಗಪುರದ ಬೆಲ್ಲ, ವಿಜಯಪುರದ ಒಣದ್ರಾಕ್ಷಿ, ಉತ್ತತ್ತಿ, ಒಣಕೊಬ್ಬರಿ. ರೊಕ್ಕ ಹೋಗುವ ತಿಂಗಳೇ ಬೇರೆ, ಬರುವ ತಿಂಗಳೇ ಬೇರೆ. ಹಾಗಾಗಿ ತಿಂಗಳು ತಿಂಗಳು ಬೇರೆ ಬೇರೆ ಬರೆದೆ. ಕರದಂಟಿಗೆ ಹಾಕುವ ಅಂಟು, ಅಂದರೆ ಗೋಂದು, ಹುರಿಯುವ ಮೊದಲು ಒಮ್ಮೆ, ಹುರಿದ ಮೇಲೆ ಒಮ್ಮೆ ತುಪ್ಪದ ಬಾಣಲೆ ತೂಗಿದೆ. ಅಂಟು ಹೂವಿನ ಹಾಗೆ ಅರಳುತ್ತದೆ ನಿಜ, ಆದರೆ ಎಷ್ಟು ತುಪ್ಪ ಕುಡಿಯುತ್ತದೆ ಮಾರಾಯಾ! ಅಮ್ಮ ತಕ್ಕಡಿ ನೋಡಿ ಮುಖ ತಿರುಗಿಸಿದಳು. ಜಿಎಸ್‌ಟಿ ಬೇರೆ. ನಾವು ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಲ್ಲಿದ್ದೇವೆ, ಶೇ 1. ಅದು ಲಾಭದ ಮೇಲಲ್ಲ, ಮಾರಾಟದ ಮೇಲೆ. ಗಿರಾಕಿಯಿಂದ ವಸೂಲಿ ಮಾಡುವಂತೆಯೂ ಇಲ್ಲ. ಮೂರು ತಿಂಗಳಿಗೊಮ್ಮೆ ನಮ್ಮ ಕಿಸೆಯಿಂದಲೇ ಕಟ್ಟಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಜಾಗ ನಮ್ಮದೇ ಅಲ್ವಾ, ಬಾಡಿಗೆ ಸೊನ್ನೆ ಅಂತ ಹಾಕಿದ್ದೆ. ಆಮೇಲೆ ಸುಮ್ನೆ, ತಮಾಷೆಗೆ, ಪಕ್ಕದ ಮೊಬೈಲ್ ಅಂಗಡಿಯವನು ಕೊಡುವ ಬಾಡಿಗೆ ಹಾಕಿ ನೋಡಿದೆ. ಹೊರಗೆ ದುಡಿದರೆ ನನಗೆ ಸಿಗುವಷ್ಟು ಪಗಾರವನ್ನೂ ಹಾಕಿದೆ. ಲೆಕ್ಕ ಮೈನಸ್‌ಗೆ ಹೋಯಿತು. ಅಂದರೆ ಶಟರ್ ಎಳೆದು, ಜಾಗ ಬಾಡಿಗೆಗೆ ಕೊಟ್ಟು, ನಾನು ಬಾಗಲಕೋಟೆಯಲ್ಲಿ ಎಲ್ಲಾದರೂ ಕೆಲಸಕ್ಕೆ ಸೇರಿದರೆ ಮನೆಗೆ ಈಗಿನದಕ್ಕಿಂತ ಜಾಸ್ತಿ ಬರುತ್ತದೆ. ಖರೇ ಹೇಳಲಾ? ಅದನ್ನು ನೋಡಿ ಬೇಜಾರಾಗಲಿಲ್ಲ ನನಗೆ. ಹಗುರಾಯಿತು. ಅಜ್ಜನ ಅಂಗಡಿ ಮುಚ್ಚಬಹುದು ಅಂದರೆ ಮೊಮ್ಮಗನಿಗೆ ಹಗುರಾಗಬಾರದು, ಅಲ್ವಾ? ಆವತ್ತಿನಿಂದ ಅಪ್ಪ ಕೊಬ್ಬರಿ ಹೆರೆಯುತ್ತಾ ಕೂತರೆ ಅವರ ಎದುರು ನಿಲ್ಲಲು ಆಗುತ್ತಿಲ್ಲ.

ಆ ಸಾಲುಗಳನ್ನು ಅಪ್ಪನಿಗೆ ಕಾಣದಂತೆ ಮುಚ್ಚಿಟ್ಟು, ಈಗ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ನನ್ನ ಬುದ್ಧಿ ನೋಡು! ಅಪ್ಪ ಇದನ್ನು ಓದುವುದಿಲ್ಲ. ನಿಮ್ಮ ಅತ್ತಿ ಓದುತ್ತಾರೆ, ಸಂಜೆಯೊಳಗೆ ಹುನಗುಂದಕ್ಕೂ ಗೊತ್ತಾಗುತ್ತದೆ.

ಹೋಗಲಿ ಬಿಡು. ಬಜೆಟ್‌ನಲ್ಲಿ 'ಬರಬೇಕಾದ ಉದ್ರಿ' ಅಂತ ಒಂದು ಪಟ್ಟಿ ಇದೆ. ಮೊದಲ ಹೆಸರು ನಿನ್ನದೇ, ಮದುವೆಗೆ ಒಯ್ದ 10 ಕೆಜಿ. ಮಗಳಿಗೆ ಜವಳ ಆಯಿತು, ರೊಕ್ಕ ಇನ್ನೂ ಬಂದಿಲ್ಲ. ಈ ತಿಂಗಳ ಆದಾಯದಲ್ಲಿ ಅದನ್ನು ಧೈರ್ಯವಾಗಿ ಸೇರಿಸಿದ್ದೇನೆ. ಫೋನ್‌ಪೇ ಮಾಡು.

ನಿನ್ನ,
ಹಣಕಾಸು ಮಂತ್ರಿ