ಹಳೆಯ ಗೇಮ್ ಸರಿ, ಯಾವ ಆವೃತ್ತಿ?

ಸಂಪಾದಕರಿಗೆ,

ಮಾನ್ಯರೆ,

ಹಳೆಯ ವಿಡಿಯೊ ಗೇಮ್‌ಗಳನ್ನು ಪರಿಚಯಿಸುವ ಬರಹಗಳು ಯಾವ ಆವೃತ್ತಿ ಎಂಬುದನ್ನೇ ಸಾಮಾನ್ಯವಾಗಿ ಹೇಳುವುದಿಲ್ಲ. ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನ್ನೋ ಹತ್ತನ್ನೋ ಮುಗಿಸಿ ಮೊದಲನೆಯದಕ್ಕೆ ಮರಳುವವರು ಎಡವುವುದು ಇಲ್ಲೇ. 1987ರ ಡಿಸೆಂಬರ್‌ನಲ್ಲಿ ಜಪಾನಿನ ಸ್ಕ್ವೇರ್ ಕಂಪನಿ, ನಿಂಟೆಂಡೊದ ಗೇಮ್ ಯಂತ್ರವಾದ ಫ್ಯಾಮಿಕಾಮ್‌ಗೆ ತಂದ ಕಾರ್ಟ್ರಿಜ್ಜಿಗೂ 2021ರಲ್ಲಿ ಹೊಸದಾಗಿ ರೂಪಿಸಿದ ಪಿಕ್ಸೆಲ್ ರೀಮಾಸ್ಟರಿಗೂ ಕತೆ ಒಂದೇ, ಒಳಗಿನ ಲೆಕ್ಕ ಬೇರೆ.

ಮೂಲದಲ್ಲಿ ಬುದ್ಧಿಶಕ್ತಿಯ ಅಂಕ ಬರೀ ತೋರಿಕೆಗೆ. ಮಂತ್ರದ ಪೆಟ್ಟಿನ ಲೆಕ್ಕಕ್ಕೆ ಅದು ಸೇರುವುದೇ ಇಲ್ಲ. ಕೆಂಪು ಮಾಂತ್ರಿಕನ ಬೆಂಕಿಯೂ ಕಪ್ಪು ಮಾಂತ್ರಿಕನ ಬೆಂಕಿಯೂ ಸರಿಸಮ. ಆದ್ದರಿಂದ ಕತ್ತಿಯನ್ನೂ ಹಿಡಿಯಬಲ್ಲ ಕೆಂಪು ಮಾಂತ್ರಿಕ ಆಟದ ಮೊದಲರ್ಧದಲ್ಲಿ ಹೆಚ್ಚು ಲಾಭ. 400 ಗೋಲ್ಡ್ ಕೊಟ್ಟು ಕೊಳ್ಳುವ ಏಟಿನ ಬಲ ಹೆಚ್ಚಿಸಬೇಕಾದ ‘ಟೆಂಪರ್’ ಮಂತ್ರ ನಮ್ಮ ಪಡೆಯ ಮೇಲೆ ಕೆಲಸವನ್ನೇ ಮಾಡದು. ಹಣ ಕೂಡಿಟ್ಟು ಆಟದೊಳಗಿನ ಊರಾದ ಎಲ್ಫ್‌ಲ್ಯಾಂಡಿನಲ್ಲಿ 4000ಕ್ಕೆ ಸಿಗುವ ‘ಫಾಸ್ಟ್’ ಕೊಳ್ಳಿ, ಏಟುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಡ್ರ್ಯಾಗನ್ನಿಗೆ ಹೆಚ್ಚು ಪೆಟ್ಟು ಕೊಡಬೇಕಾದ ಡ್ರ್ಯಾಗನ್ ಕತ್ತಿಗೆ ಡ್ರ್ಯಾಗನ್ನೂ ಒಂದೇ, ಇಲಿಯೂ ಒಂದೇ. ಅದಕ್ಕಿಂತ ತಮಾಷೆ, ‘ಕ್ರಿಟಿಕಲ್’ (ಹೆಚ್ಚು ಪೆಟ್ಟಿನ) ಏಟಿನ ಸಾಧ್ಯತೆಯನ್ನು ನೋಡಬೇಕಾದ ಜಾಗದಲ್ಲಿ ಪ್ರೋಗ್ರಾಂ ಆಯುಧದ ಕ್ರಮಸಂಖ್ಯೆಯನ್ನು ಓದುತ್ತದೆ! ಪಟ್ಟಿಯ ಕೊನೆಯಲ್ಲಿರುವ ಮಸಾಮುನೆ ಕತ್ತಿಗೆ ಹಾಗಾಗಿ ಅದೃಷ್ಟವೋ ಅದೃಷ್ಟ.

ಹೊಸಬರಿಗೆ ರೇಗಿಸುವುದು ಇನ್ನೊಂದು. ಇಬ್ಬರು ಒಂದೇ ಶತ್ರುವಿಗೆ ಗುರಿಯಿಟ್ಟು, ಮೊದಲನೆಯವನ ಏಟಿಗೇ ಅದು ಸತ್ತರೆ ಎರಡನೆಯವನ ಏಟು ಗಾಳಿಗೆ. ಮೊದಲೇ ಏಟುಗಳನ್ನು ಹಂಚಿಕೊಳ್ಳಬೇಕು. ಅಂಗಡಿಯಲ್ಲೂ ಅಷ್ಟೇ, ಒಮ್ಮೆಗೆ ಒಂದೇ ಸೀಸೆ. ಜೌಗಿನ ಗುಹೆಗೆ ಇಳಿಯುವ ಮುನ್ನ 60 ಗೋಲ್ಡಿನ ಹೀಲ್ ಔಷಧ 99 ಬೇಕೆಂದರೆ 5940 ಗೋಲ್ಡ್ ಜೊತೆಗೆ ತಾಳ್ಮೆಯೂ ಬೇಕು. ವಿಷಕ್ಕೆ 75ರ ‘ಪ್ಯೂರ್’ ಔಷಧವನ್ನೂ ಒಂದಷ್ಟು ಇಟ್ಟುಕೊಳ್ಳಿ.

ದಾರಿಯಲ್ಲಿ ವಿಶ್ರಮಿಸಲು ಬಳಸುವ ‘ಹೌಸ್’ ಎಂಬ ವಸ್ತುವಿನಿಂದ ಸೇವ್ ಮಾಡಿ ಆಟ ಮುಚ್ಚಬೇಡಿ. ಮಂತ್ರಗಳನ್ನು ಇನ್ನೆಷ್ಟು ಸಲ ಬಳಸಬಹುದೆಂಬ ಎಣಿಕೆ ತುಂಬುವ ಮೊದಲೇ ಸೇವ್ ಆಗಿಬಿಡುತ್ತದೆ. ಮತ್ತೆ ತೆರೆದಾಗ ಜೀವಾಂಕ ತುಂಬಿದ್ದರೂ ಮಂತ್ರಗಳು ಹಳೆಯ ಲೆಕ್ಕದಲ್ಲೇ ಇರುತ್ತವೆ.

2004ರ ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿ, ಮಂತ್ರದ ಒಂದೊಂದು ಮಟ್ಟಕ್ಕೆ ಹೆಚ್ಚೆಂದರೆ 9 ಸಲ ಎಂಬ ಎಣಿಕೆಯನ್ನು ತೆಗೆದು ಎಲ್ಲಕ್ಕೂ ಒಂದೇ ಎಂಪಿ (ಮಂತ್ರಶಕ್ತಿಯ ಅಂಕ) ಮಾಡಿತು. ಗುಹೆಯ ಆಳದಲ್ಲಿ ‘ಇನ್ನೆರಡೇ ಉಳಿದಿವೆ, ಮುಂದೆ ಹೋಗಲೇ, ಹಿಂದಿರುಗಲೇ’ ಎಂಬ ಲೆಕ್ಕವೇ ಈ ಆಟದ ಜೀವಾಳ, ಅದು ಸಡಿಲವಾಯಿತು. ರೀಮಾಸ್ಟರ್ ಆ ಎಣಿಕೆಯನ್ನು ಮರಳಿ ತಂದಿದೆ, ಸತ್ತ ಶತ್ರುವಿನಿಂದ ಗುರಿಯನ್ನು ತಾನೇ ಬದಲಿಸುತ್ತದೆ. ಮೊದಲ ಸಲಕ್ಕೆ ಅದೇ ಸಾಕು. 2023ರ ಕನ್ಸೋಲ್ ಆವೃತ್ತಿಯಲ್ಲಿ ಅನುಭವಾಂಕವನ್ನು ನಾಲ್ಕು ಪಟ್ಟು ಮಾಡುವ, ಕಾದಾಟಗಳನ್ನೇ ನಿಲ್ಲಿಸುವ ಸೌಲಭ್ಯಗಳಿವೆ. ಅವನ್ನು ಮಾತ್ರ ಮುಟ್ಟಬೇಡಿ.

– ಒಬ್ಬ ಓದುಗ, ಮೈಸೂರು