ಕೊಟ್ಟಿಗೆ ಜಾಗದ ವಿಷಯ

ಸ್ಯಾನ್ ಹೋಸೆ, ಭಾನುವಾರ

ಅಮ್ಮಾ,

ನಾವೆಲ್ಲ ಕ್ಷೇಮ. ಮಕ್ಕಳು ಚೆನ್ನಾಗಿದ್ದಾರೆ. ನಿನ್ನ ಕಾಗದ ಬಂತು.

ಅಪ್ಪ ಬಚ್ಚಲಿಗೆ ಇಳಿಯುವ ಮೆಟ್ಟಿಲಲ್ಲಿ ಜಾರಿದ್ದನ್ನು ಫೋನಿನಲ್ಲಿ ಯಾಕೆ ಹೇಳಲಿಲ್ಲ? "ಮಂಡಿ ಸ್ವಲ್ಪ ನೋವು" ಅಂದೆ ಅಷ್ಟೇ. ಈ ಮಳೆಗೆ ಅಲ್ಲಿ ಪಾಚಿ ಕಟ್ಟುವುದು ಹೊಸದಲ್ಲ ಬಿಡು. ಆದರೆ ಕುಶಾಲನಗರದಲ್ಲಿ ಪುಟ್ಟ ನಿಮ್ಮಿಬ್ಬರಿಗೆ ಬಾಡಿಗೆ ಮನೆ ನೋಡಿದ್ದಾನೆ, ಅದನ್ನು ಕೇಳಿದಾಗಿನಿಂದ ಅಪ್ಪ ಊಟಕ್ಕೂ ಸರಿಯಾಗಿ ಕೂರುತ್ತಿಲ್ಲ ಅಂತ ಬರೆದಿದ್ದೀಯಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ. ಪುಟ್ಟನ ಮೇಲೆ ಸಿಟ್ಟಾಗಬೇಡ. ಆಸ್ಪತ್ರೆ ಹತ್ತಿರ, ಸಮತಟ್ಟು ಜಾಗ ಅಂತ ಅವನು ಯೋಚಿಸಿದ್ದು. ಅಪ್ಪನಿಗೆ ಮಾತ್ರ ಅದು ಮನೆಯಿಂದ ಹೊರಗೆ ಹಾಕಿದ ಹಾಗೆ ಕೇಳಿಸಿದೆ. ಬೆಳಿಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಹಾಕದೆ ಅವರು ಕಾಫಿ ಕುಡಿದಿದ್ದುಂಟಾ?

ನನ್ನ ಮಾತು ಇಷ್ಟೇ. ದನ ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ. ಅಲ್ಲೇ ನಿಮ್ಮಿಬ್ಬರಿಗೆ ಒಂದು ಚಿಕ್ಕ ಮನೆ ಕಟ್ಟೋಣ. ದೊಡ್ಡ ಮನೆಯಲ್ಲಿ ಪುಟ್ಟನ ಸಂಸಾರ ಇರಲಿ. ಜಾಗ ಕೊಳ್ಳುವ ಖರ್ಚಿಲ್ಲ, ನೀರು ಕರೆಂಟು ಪಕ್ಕದಲ್ಲೇ ಇದೆ. ಮುಖ್ಯವಾಗಿ ಅಪ್ಪ ಅಂಗಳ ಬಿಟ್ಟು ಹೋಗಬೇಕಾಗಿಲ್ಲ.

ನಗಬೇಡ, ಇಲ್ಲಿ ನಾವು ಇರುವುದೂ ಅಂಥದ್ದರಲ್ಲೇ. ಮುಂದಿನ ಮನೆಯವರ ಕಾರ್ ಶೆಡ್ಡು ಇದು! ಕಾರು ರಸ್ತೆಯಲ್ಲಿ ನಿಂತಿದೆ, ನಾವು ಒಳಗಿದ್ದೇವೆ. ಚಿಕ್ಕಪ್ಪನಿಗೆ ಹೇಳಿ ನಗಾಡಿಸಬೇಡ, ಅಡುಗೆಮನೆ, ಬಚ್ಚಲು, ಬೇರೆ ಬಾಗಿಲು ಎಲ್ಲ ಇದೆ. ಮನೆ ಸಿಗುವುದೇ ಕಷ್ಟವಾಗಿ ಕ್ಯಾಲಿಫೋರ್ನಿಯಾ ಸರ್ಕಾರವೇ ಹಿತ್ತಲಲ್ಲಿ ಕಟ್ಟಿಕೊಳ್ಳಿ ಅಂತ 2020ರಿಂದ ಕಾನೂನು ಸಡಿಲ ಮಾಡಿದೆ. ಪಕ್ಕಕ್ಕೂ ಹಿಂದಕ್ಕೂ 4 ಅಡಿ ಬಿಟ್ಟು 800 ಚದರ ಅಡಿ ಮನೆ ಕಟ್ಟಿದರೆ ನಗರಸಭೆ ಆಗಲ್ಲ ಅನ್ನುವಂತಿಲ್ಲ. ಅರ್ಜಿ ಸರಿಯಾಗಿದ್ದರೆ 60 ದಿನದಲ್ಲಿ ತೀರ್ಮಾನ ಹೇಳಬೇಕು. ಪಕ್ಕದ ಮನೆಯವರ ತಕರಾರಿಗೆ ಸಭೆ ಕರೆಯುವ ಹಾಗೂ ಇಲ್ಲ. ನಮ್ಮ ಪಕ್ಕದ ತೋಟದವರು ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದರೋ!

ಮನೆ ಯಜಮಾನಿ ಮೊದಲು ಇದನ್ನು ಅವರ ತಾಯಿಗೆ ಅಂತ ಕಟ್ಟಿಸಿದ್ದು. ತಾಯಿ ಹೋದ ಮೇಲೆ ನಮಗೆ ಬಾಡಿಗೆಗೆ ಕೊಟ್ಟರು. ಆ ದುಡ್ಡಲ್ಲೇ ಬ್ಯಾಂಕಿನ ಸಾಲ ಕಟ್ಟುತ್ತಾರಂತೆ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಇನ್ನೂ ಇದೆ, ಸ್ನಾನಕ್ಕೆ ಕೂರುವ ಕಲ್ಲಿನ ಕಟ್ಟೆ ಇದೆ. ಯಜಮಾನಿಯ ಅಡುಗೆಮನೆಯಲ್ಲಿ ಸಿಂಕಿನ ಎದುರು ಕಿಟಕಿ. ಬೆಳಿಗ್ಗೆ ಅಲ್ಲಿ ನಿಂತರೆ ನಮ್ಮ ಅಡುಗೆಮನೆಯ ದೀಪ ಕಾಣುತ್ತದೆ. ಆಗೆಲ್ಲ ದೀಪ ಹತ್ತಿದರೆ ತಾಯಿ ಎದ್ದರು ಅಂತ ಲೆಕ್ಕ, ಹೋಗಿ ಬಾಗಿಲು ತಟ್ಟುವ ಕೆಲಸ ಇರಲಿಲ್ಲ ಅಂದರು. ಪುಟ್ಟನ ಹೆಂಡತಿಗೂ ಇದೇ ಬೇಕಾಗಿರುವುದು. ಎರಡು ಒಲೆ ಇದ್ದರೆ ನೀನು ನಿನಗೆ ಬೇಕಾದ ಹೊತ್ತಿಗೆ ಅಕ್ಕಿ ರೊಟ್ಟಿ ಸುಡು, ಅವಳು ಅವಳ ಹೊತ್ತಿಗೆ ಎದ್ದುಕೊಳ್ಳಲಿ. ಇದನ್ನು ಅವಳಿಗೆ ಓದಿ ಹೇಳಬೇಡ.

ಇಲ್ಲಿನ ಕಾನೂನು ನಮ್ಮೂರಿಗೆ ಬರುವುದಿಲ್ಲ, ಗೊತ್ತು. ಪುಟ್ಟ ಮೊದಲು ಪಂಚಾಯಿತಿಗೆ ಹೋಗಿ ಮನೆ ಜಾಗದ ಈ-ಸ್ವತ್ತು ದಾಖಲೆ ಸರಿಯಾಗಿದೆಯಾ ನೋಡಲಿ. ಕೊಟ್ಟಿಗೆ ತೋಟದ ಲೆಕ್ಕಕ್ಕೆ ಬಂದರೆ ಮನೆ ಕಟ್ಟಲು ಭೂಮಿ ಕನ್ವರ್ಷನ್ ಬೇಕಾ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಲಿ. ಇನ್ನೊಂದು, ಜೆಸಿಬಿ ತರಿಸಿ ಹಿಂದಿನ ಗುಡ್ಡದ ಬರೆ ಕಡಿಯುವುದು ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನೆನಪಿದೆಯಲ್ಲ. ಕೊಟ್ಟಿಗೆ ಇದ್ದ ಮಟ್ಟದಲ್ಲೇ ಇರಲಿ, ನೀರು ಹೋಗಲು ಚರಂಡಿ ಮೊದಲು. ಹೋಂಸ್ಟೇ ಮಾಡೋಣ, ಮೇಲೊಂದು ಮಹಡಿ ಹಾಕೋಣ ಅಂತ ಚಿಕ್ಕಪ್ಪ ಶುರು ಮಾಡುತ್ತಾರೆ. ಈಗ ಆ ಮಾತೇ ಬೇಡ.

ಎರಡು ಮನೆ ನಡುವೆ ಶೀಟ್ ಹಾಕಿದ ದಾರಿ ಇರಲಿ, ಮಳೆಗಾಲಕ್ಕೆ ಕೊಡೆ ಹುಡುಕಬಾರದು. ಬಚ್ಚಲು ಒಳಗೇ ಇರಲಿ, ಬಾಗಿಲು ಅಗಲ ಇರಲಿ. ಹೊಸಿಲು ನೆಲದ ಮಟ್ಟಕ್ಕೆ. ಹೊಸಿಲಿಲ್ಲದ ಮನೆಗೆ ಪೂಜೆ ಎಲ್ಲಿ ಅಂತ ನೀನು ಕೇಳುತ್ತೀಯ. ತೇಗದ ಹಲಗೆಯನ್ನು ನೆಲಕ್ಕೆ ಸಮ ಕೂರಿಸಿದರಾಯಿತು, ಅರಿಶಿನ ಕುಂಕುಮ ಅದಕ್ಕೇ ಇಡು.

ದುಡ್ಡಿನ ಯೋಚನೆ ಬೇಡ. ನಮಗೆ ಏನೂ ಕಷ್ಟ ಆಗುವುದಿಲ್ಲ, ನಿಜವಾಗಿಯೂ ಆಗುವುದಿಲ್ಲ. ಇವರೂ ಒಪ್ಪಿದ್ದಾರೆ, ಕೆಲಸ ಗಟ್ಟಿಯಾಗಿದೆ, ಕೈಯಲ್ಲಿ ಇದೆ. ಮಳೆ ನಿಂತು ದಸರಾ ಕಳೆದ ಕೂಡಲೇ ಶುರು ಮಾಡಿಸಿ. ಕಾಫಿ ಕುಯ್ಲು ಬಂದರೆ ಆಳು ಸಿಗುವುದಿಲ್ಲ. ಅಪ್ಪನಿಗೆ ನಾನು ಹೇಳಿದೆ ಅನ್ನಬೇಡ. ಕೊಟ್ಟಿಗೆ ಏನು ಮಾಡೋಣ ಅಂತ ಅವರನ್ನೇ ಕೇಳು, ಅವರೇ ಅಳತೆ ಟೇಪು ಹಿಡಿದು ಹೊರಡುತ್ತಾರೆ. ಮಂಡಿ ಎಕ್ಸ್‌ರೇ ತೆಗೆಸಿ ಫೋಟೋ ಕಳಿಸಲು ಪುಟ್ಟನಿಗೆ ಹೇಳು, ಮರೆಯಬೇಡಿ.

ಚಿಕ್ಕವಳು ಎದ್ದಳು, ಅಳುತ್ತಿದ್ದಾಳೆ. ಎಲ್ಲರಿಗೂ ಕೇಳಿದೆ ಅಂತ ಹೇಳು.

ನಿನ್ನ
ಪುಟ್ಟಿ