ಪುಸ್ತಕ ಅಚ್ಚಿಗೆ ಹೋಯಿತು, ಚಿಕ್ಕಪ್ಪನಿಗೆ ನಮಸ್ಕಾರ

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದು, ಆಮೇಲೆ ಲೋಕಸಭೆಯ ಸ್ಪೀಕರ್ ಆದ ಕೌಡೂರು ಸದಾನಂದ ಹೆಗ್ಡೆ ಅವರ ಬಗ್ಗೆ ನಾನು ಬರೆಯುತ್ತಿದ್ದ ಪುಸ್ತಕ ಕೊನೆಗೂ ಅಚ್ಚಿಗೆ ಹೋಯಿತು. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ನಿಧಾನವಾಗಿ ಓಡಾಡುತ್ತಿದ್ದಾರೆ. ಅವರು ಐಸಿಯುನಲ್ಲಿದ್ದ ದಿನಗಳ ಕಥೆಯನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಹಳೆಯ ಲೋಕಸಭಾ ಚರ್ಚೆಗಳನ್ನು ಹುಡುಕಿಕೊಟ್ಟ ಗೆಳತಿ, ಕರಡು ತಿದ್ದಿದ ಮೇಷ್ಟ್ರು, ಗ್ರಂಥಾಲಯದ ಸಿಬ್ಬಂದಿ, ಆಸ್ಪತ್ರೆಗೆ ಊಟ ಕಳಿಸಿದ ಅಕ್ಕಪಕ್ಕದವರು, ಎಲ್ಲರಿಗೂ ಮನಸಾರೆ ಧನ್ಯವಾದ.

ಆದರೆ ಚಿಕ್ಕಪ್ಪನ ಬಗ್ಗೆ ಒಂದು ಸಾಲು ಬರೆದು ಬಿಡೋಕೆ ಆಗಲ್ಲ.

ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು. 'ಬೆಳಗಾಗುವವರೆಗೂ ಏನೂ ಹೇಳೋಕಾಗಲ್ಲ' ಅಂತ ಡಾಕ್ಟರು ಹೇಳಿದ ಆ ರಾತ್ರಿ, ಉಳಿದವರನ್ನೆಲ್ಲ ಮನೆಗೆ ಕಳಿಸಿ ಅವರು ಐಸಿಯು ಹೊರಗಿನ ಕುರ್ಚಿಯಲ್ಲಿ ನನ್ನ ಜೊತೆ ಕೂತರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ನನ್ನ ಚೀಲದಲ್ಲಿದ್ದ ಹಾಳೆಗಳನ್ನು ನೋಡಿ, 'ಓದಮ್ಮ, ಕೇಳ್ತೀನಿ' ಅಂದರು.

ಕೈಗೆ ಸಿಕ್ಕಿದ್ದು 1973ರ ಅಧ್ಯಾಯ. ಏಪ್ರಿಲ್ 24ಕ್ಕೆ ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ತೀರ್ಪು, ಅಂದರೆ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಅಂದ ತೀರ್ಪು. 13 ನ್ಯಾಯಮೂರ್ತಿಗಳಲ್ಲಿ 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಹೆಗ್ಡೆ ಬಹುಮತದ ಕಡೆ ಇದ್ದರು. ತೀರ್ಪು ಬಂದ ಬೆನ್ನಲ್ಲೇ ಸರ್ಕಾರ ಹಿರಿಯ ನ್ಯಾಯಮೂರ್ತಿಗಳಾದ ಶೇಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ಬಿಟ್ಟು ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಅಲ್ಲಿಂದ ನನ್ನ ಬರಹ ನೇರವಾಗಿ ಹೆಗ್ಡೆ ನಿಂತ 1977ರ ಲೋಕಸಭಾ ಚುನಾವಣೆಗೆ ಹೋಗುತ್ತಿತ್ತು.

ಚಿಕ್ಕಪ್ಪ ಅಲ್ಲೇ ತಡೆದರು. 'ರಾಜೀನಾಮೆ ಕೊಟ್ಟ ಮೇಲೆ ಆ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡಿದರು? ಕೋರ್ಟಿನಲ್ಲಿ ಇದ್ದವರಿಗೆ ಕುರ್ಚಿ ಬಿಟ್ಟ ಮಾರನೇ ದಿನ ಕಷ್ಟ ಕಣಮ್ಮ. ಫೈಲಿಲ್ಲ, ಕರೆಯೋರಿಲ್ಲ.'

ಆ ಪ್ರಶ್ನೆಯಿಂದಲೇ ಪುಸ್ತಕದ ನಡುಭಾಗ ಹುಟ್ಟಿತು. ವಕೀಲರಾಗಿದ್ದು, 1952ರಲ್ಲಿ ರಾಜ್ಯಸಭೆಗೆ ಹೋಗಿ, 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದವರು, ಇಪ್ಪತ್ತು ವರ್ಷದ ನಂತರ ಬೆಂಗಳೂರು ದಕ್ಷಿಣದಲ್ಲಿ ಮತ ಕೇಳೋಕೆ ನಿಂತರಲ್ವಾ, ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನನಗೆ ಅರ್ಥವಾಗಿದ್ದು ಆಮೇಲೆ.

ರಾತ್ರಿ ಮೂರರ ಸುಮಾರಿಗೆ ನರ್ಸ್ ಬಾಗಿಲು ತೆಗೆದು ಅಮ್ಮನ ಹೆಸರು ಕೂಗಿದರು. ನನ್ನ ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಚಿಕ್ಕಪ್ಪ ಎದ್ದು ಹೋದರು. ಯಾವುದೋ ಔಷಧಿಗೆ ಸಹಿ ಬೇಕಿತ್ತು, ಅಷ್ಟೇ. ಅವರು ವಾಪಸ್ ಬರುವಷ್ಟರಲ್ಲಿ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅಮ್ಮ ಇಲ್ಲದ ಮನೆ ಕಣ್ಣಿಗೆ ಬಂದಿತ್ತು. ಅದನ್ನು ಇವತ್ತಿಗೂ ಯಾರ ಹತ್ತಿರವೂ ಹೇಳಿಲ್ಲ. ಅವರು ನೆಲಕ್ಕೆ ಬಿದ್ದ ಹಾಳೆಗಳನ್ನು ಆರಿಸಿ, ಪುಟಸಂಖ್ಯೆ ನೋಡಿ ಜೋಡಿಸಿ, 'ಸ್ಪೀಕರ್ ಆದ ಕಥೆ ಎಲ್ಲಿದೆ?' ಅಂದರು.

ಓದಿದೆ. ಆಗ ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಹೊರಟಾಗ, 1977ರ ಜುಲೈಯಲ್ಲಿ ಹೆಗ್ಡೆ ಸ್ಪೀಕರ್ ಆದರು. 1979ರ ಆಗಸ್ಟ್‌ನಲ್ಲಿ ಲೋಕಸಭೆ ವಿಸರ್ಜನೆಯಾಯಿತು. ಆದರೆ ಸಂವಿಧಾನದ ಪ್ರಕಾರ ಹೊಸ ಸದನ ಮೊದಲ ಸಲ ಸೇರುವವರೆಗೂ ಹಳೆಯ ಸ್ಪೀಕರೇ ಮುಂದುವರಿಯಬೇಕು. ಹಾಗಾಗಿ 1980ರ ಜನವರಿವರೆಗೂ ಅವರ ಹುದ್ದೆ ಉಳಿಯಿತು. 'ಸದನ ಇಲ್ಲ, ಸ್ಪೀಕರ್ ಇದ್ದಾರೆ. ಇದನ್ನ ಇನ್ನೂ ಬಿಡಿಸಿ ಬರಿ' ಅಂದರು ಚಿಕ್ಕಪ್ಪ. ಬರೆದಿದ್ದೇನೆ.

ಪುಸ್ತಕದಲ್ಲಿ ತಮ್ಮ ಹೆಸರು ಬೇಡ ಅಂದುಬಿಟ್ಟರು. ಅದಕ್ಕೇ ಇಲ್ಲಿ ಬರೆದೆ. ಚಿಕ್ಕಪ್ಪ, ನೀವು ಇಲ್ಲದಿದ್ದರೆ ಆ ರಾತ್ರಿ ನನಗೆ ಕಳೆಯುತ್ತಿರಲಿಲ್ಲ. ಪುಸ್ತಕ ಬಂದ ದಿನವೇ ಅಮ್ಮನ ಜೊತೆ ನಿಮ್ಮ ಮನೆಗೆ ಬರುತ್ತೇವೆ.